ಶುಶ್ರೂಷೆ: ಪದವೂ ಪದವಿಯೂ

‘ಶುಶ್ರೂಷೆ’ಯೆಂಬುದು ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪದಿಂದ ಬಂದ ಪದ. ಕೇಳಬೇಕೆಂಬ ಬಯಕೆಯೇ ಅದರ ಮೂಲಾರ್ಥ, ಉಪಚಾರವೆಂಬುದು ತರುವಾಯದ್ದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಹೆಣ್ಣುಮಕ್ಕಳು ಮನಶ್ಶಾಸ್ತ್ರದಲ್ಲಿ ಬಿ.ಎ. ಮುಗಿಸಿ ದಾದಿಯರಾಗಹೊರಟರೆ, ‘ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು’ ಎನ್ನುವ ಹಿರಿಯರು ಇದನ್ನು ಲಕ್ಷಿಸಬೇಕು.

ದಾರಿ ಸುಗಮವೆಂದಲ್ಲ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರಾದಿ ವಿಜ್ಞಾನ ವಿಷಯಗಳನ್ನು ಓದದವರಿಗೆ ೪ ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ದೊರೆಯದು, ೩ ವರ್ಷಗಳ ಜಿ.ಎನ್.ಎಂ. ತೆರೆದಿದೆ. ಹಿಂದಿನ ಪದವಿಯಿಂದ ಈ ಅವಧಿಯೇನೂ ಕುಗ್ಗದು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯೂ ಮನೋರೋಗಿಗಳ ದಾದಿಯೆಂದು ಗುರುತಿಸುವುದು ಶುಶ್ರೂಷಾಶಾಸ್ತ್ರ ಕಲಿತವರನ್ನೇ. ಆದರೆ ರಾತ್ರಿಯ ಪಾಳಿಯಲ್ಲಿ ನಿದ್ರೆಬಾರದ ರೋಗಿ ಮಾತಿಗೆಳೆದಾಗ, ಕೇಳಲು ಬಲ್ಲವಳಿಗೆ ಹಿಂದಿನ ಓದು ಒದಗುವುದು. ದಾನಿಗಳು ತಮ್ಮ ವಿದ್ಯಾರ್ಥಿವೇತನವನ್ನು ಇಂಥ ಎರಡನೆಯ ಓದಿಗೂ ವಿಸ್ತರಿಸಲೆಂದು ಅರಿಕೆ.