ಸ್ಪ್ರೇ ಪೇಂಟ್ ಮತ್ತು ಶ್ವಾಸಕೋಶ: ಪರೀಕ್ಷಾ ಟಿಪ್ಪಣಿ

• ಎಲ್ಲಿ?: ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ಮೋಟೆಬೆನ್ನೂರು (ಬ್ಯಾಡಗಿ ತಾಲ್ಲೂಕು), ರಾಣೆಬೆನ್ನೂರು ಮಾರ್ಗವಾಗಿ ಸಾಗುತ್ತದೆ. ಇಂಥ ಊರುಗಳ ಗ್ಯಾರೇಜುಗಳಲ್ಲಿ ಲಾರಿ, ಟ್ರ್ಯಾಕ್ಟರ್‌ಗಳಿಗೆ ಬಣ್ಣ ಹೊಡೆಯುವವರೇ ಹೆಚ್ಚು ಅಪಾಯಕ್ಕೆ ಒಳಗಾಗುವವರು.

• ಹೇಗೆ?: ಸ್ಪ್ರೇ ಗನ್ ಒತ್ತಿದೊಡನೆ ಬಣ್ಣ ಮಂಜಾಗುತ್ತದೆ. 10 ಮೈಕ್ರೋಮೀಟರ್‌ಗಿಂತ ಚಿಕ್ಕ ಹನಿಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು.

• ಮುಖ್ಯ ರಾಸಾಯನಿಕ: ಬಣ್ಣಕ್ಕೆ ಬೆರೆಸುವ ಗಟ್ಟಿಕಾರಕದಲ್ಲಿರುವ ಐಸೋಸೈನೇಟ್, ಔದ್ಯೋಗಿಕ ಅಸ್ತಮಾಕ್ಕೆ ಪ್ರಮುಖ ಕಾರಣ. 1984ರ ಭೋಪಾಲ್ ಅನಿಲವೂ (ಮೀಥೈಲ್ ಐಸೋಸೈನೇಟ್) ಇದೇ ಗುಂಪಿನದು.

• ನೆನಪಿಡಿ: ಆರ್ಡಿಸ್ಟಿಲ್ ಸಿಂಡ್ರೋಮ್ – 1992, ಸ್ಪೇನ್, ಬಟ್ಟೆಗೆ ಬಣ್ಣ ಸಿಂಪಡಿಸುತ್ತಿದ್ದ ಕಾರ್ಮಿಕರ ಶ್ವಾಸಕೋಶ ಕಾಯಿಲೆ.

• ಅಸ್ತಮಾದ ಲಕ್ಷಣ: ಕೆಮ್ಮು, ಎದೆ ಬಿಗಿತ, ಉಬ್ಬಸ, ಕೆಲವೊಮ್ಮೆ ರಾತ್ರಿ ಕಾಣಿಸಿಕೊಳ್ಳುತ್ತವೆ.

• ರಕ್ಷಣೆ: ಮೂಗಿಗೆ ಕಟ್ಟಿದ ಕರವಸ್ತ್ರ ಆವಿಯನ್ನು ತಡೆಯದು. ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖಕವಚ, ಗಾಳಿ ಹೊರಸೆಳೆಯುವ ಬೂತ್ ಬೇಕು. ದುಡಿಯುವವರ ಉಸಿರು ಉಳಿಯಲೇಬೇಕು.