ಸರ್ವರ್ ಲಾಗ್ ವಿಶ್ಲೇಷಣೆ: ಪೂರ್ವನಿಗದಿತ ಹೊಂದಾಣಿಕೆಯೂ ಉದ್ದಿಮೆಯ ಲೆಕ್ಕವೂ

ಅಂತರಜಾಲ ತಾಣಕ್ಕೆ ತಿಂಗಳಿಗೆ ಎಷ್ಟು ಭೇಟಿಗಳು ಬಂದವೆಂಬ ಅಂಕಿಯು ಜಾಹೀರಾತು ವೆಚ್ಚವನ್ನು ನಿರ್ಧರಿಸುವ ಆಧಾರಗಳಲ್ಲೊಂದು. ವೆಬ್ ಸರ್ವರ್ ಬರೆದಿಡುವ ಲಾಗ್ ಕಡತವು ಕಿರ್ದಿ ಪುಸ್ತಕವಿದ್ದಂತೆ; ಅದನ್ನು ಓದಿ ವರದಿ ಸಿದ್ಧಪಡಿಸುವ ವೆಬಲೈಜರ್, ಎಡಬ್ಲ್ಯೂಸ್ಟ್ಯಾಟ್ಸ್, ಗೋಆಕ್ಸೆಸ್ ಮೊದಲಾದ ತಂತ್ರಾಂಶಗಳು ಖಾತೆ ಬರೆಯುವ ಗುಮಾಸ್ತರಿದ್ದಂತೆ. ಸೂಚನೆ ನೀಡದಿದ್ದಲ್ಲಿ ಗುಮಾಸ್ತನು ತನ್ನ ರೂಢಿಯಂತೆ ಬರೆಯುತ್ತಾನೆ. ಪೂರ್ವನಿಗದಿತ ಹೊಂದಾಣಿಕೆಯೆಂದರೆ ಈ ರೂಢಿಯೇ. ಅದು ಎಲ್ಲ ಲಿನಕ್ಸ್ ವಿತರಣೆಗಳಲ್ಲೂ ಒಂದೇ ಆಗಿರುವುದಿಲ್ಲ.

2024ರ ಜೂನ್ 30ರಂದು ಸೆಂಟ್‌ಓಎಸ್ 7ರ ಬೆಂಬಲ ಕೊನೆಗೊಂಡ ತರುವಾಯ ಡೆಬಿಯನ್ ಅಥವಾ ಉಬುಂಟುವಿಗೆ ಬದಲಾದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಪಾಚೆ ಸರ್ವರಿನ ಲಾಗ್ ರೆಡ್ ಹ್ಯಾಟ್ ಗುಂಪಿನಲ್ಲಿ 'ಎಚ್‌ಟಿಟಿಪಿಡಿ' ಎಂಬ ಕೋಶದಲ್ಲಿಯೂ ಡೆಬಿಯನ್ ಗುಂಪಿನಲ್ಲಿ 'ಅಪಾಚೆ2' ಎಂಬ ಕೋಶದಲ್ಲಿಯೂ ಇರುತ್ತದೆ. ಹಳೆಯ ಹೊಂದಾಣಿಕೆಯನ್ನು ಯಥಾವತ್ತಾಗಿ ನಕಲಿಸಿದರೆ ತಂತ್ರಾಂಶಕ್ಕೆ ಲಾಗ್ ಸಿಗುವುದಿಲ್ಲ. ಡೆಬಿಯನ್‌ನಲ್ಲಿ ಇನ್ನೊಂದು ತೊಡಕುಂಟು. ಎಡಬ್ಲ್ಯೂಸ್ಟ್ಯಾಟ್ಸ್ ಅಲ್ಲಿ ಹತ್ತು ನಿಮಿಷಕ್ಕೊಮ್ಮೆ ವೆಬ್ ಸರ್ವರಿನ ಬಳಕೆದಾರ ಖಾತೆಯಲ್ಲಿ ನಡೆಯುತ್ತದೆ. ಲಾಗ್ ಓದುವ ಅನುಮತಿಯಾದರೋ ಆ ಖಾತೆಗೆ ಇರುವುದಿಲ್ಲ. ಅನುಮತಿ ನೀಡುವವರೆಗೆ ವರದಿ ಖಾಲಿಯಾಗಿಯೇ ಉಳಿಯುತ್ತದೆ. ಅದನ್ನು ಕಂಡು ಗ್ರಾಹಕರೇ ಬರುತ್ತಿಲ್ಲವೆಂದು ಭಾವಿಸುವುದು ಸಲ್ಲದು. ಗೋಆಕ್ಸೆಸ್ ಮಾತ್ರ ಲಾಗ್‌ನ ನಮೂನೆ ಯಾವುದೆಂದು ತಿಳಿಸಿದ ಮೇಲೆಯೇ ಕೆಲಸ ಆರಂಭಿಸುತ್ತದೆ. ಆರಂಭದ ಈ ಕಿರಿಕಿರಿ ಒಳ್ಳೆಯದೇ.

ವರದಿ ಬಂದಾಗಲೂ ಹೋಲಿಕೆ ಸುಲಭವಲ್ಲ. ಒಬ್ಬನೇ ಸಂದರ್ಶಕನು 30 ನಿಮಿಷಗಳ ಬಿಡುವಿನ ನಂತರ ಮರಳಿದರೆ ವೆಬಲೈಜರ್ ಅದನ್ನು ಹೊಸ ಭೇಟಿಯೆಂದು ಎಣಿಸುತ್ತದೆ. ಎಡಬ್ಲ್ಯೂಸ್ಟ್ಯಾಟ್ಸ್‌ನಲ್ಲಿ ಈ ಅವಧಿ 60 ನಿಮಿಷ. ಶೋಧಯಂತ್ರಗಳ ರೋಬಾಟ್‌ಗಳನ್ನು ಎಡಬ್ಲ್ಯೂಸ್ಟ್ಯಾಟ್ಸ್ ಪ್ರತ್ಯೇಕಿಸುತ್ತದೆ, ವೆಬಲೈಜರ್ ಒಟ್ಟಿಗೇ ಸೇರಿಸುತ್ತದೆ. ಆದ್ದರಿಂದ ಮೊದಲನೆಯದರಿಂದ ಎರಡನೆಯದಕ್ಕೆ ಬದಲಾದ ಸಂಸ್ಥೆಯ ಭೇಟಿಗಳು, ವ್ಯಾಪಾರ ಕುಗ್ಗದಿದ್ದರೂ, ಕುಗ್ಗಿದಂತೆ ತೋರುತ್ತವೆ. ದಾಸ್ತಾನಿನ ಮೌಲ್ಯಮಾಪನ ಪದ್ಧತಿಯನ್ನು ಬದಲಿಸಿ ಹಿಂದಿನ ವರ್ಷದ ಲಾಭದೊಡನೆ ಹೋಲಿಸಿದಂತೆಯೇ ಇದು.

ಎಲ್ಲಕ್ಕಿಂತ ಗಂಭೀರವಾದುದು ಲಾಗ್ ಉಳಿಸಿಡುವ ಅವಧಿ. ಡೆಬಿಯನ್ ಮತ್ತು ಉಬುಂಟುಗಳಲ್ಲಿ 'ಲಾಗ್‌ರೊಟೇಟ್' ಅಪಾಚೆಯ ಲಾಗನ್ನು ಪ್ರತಿದಿನ ಬದಲಿಸಿ 14 ಹಳೆಯ ಕಡತಗಳನ್ನು ಮಾತ್ರ ಇಡುತ್ತದೆ. ರೆಡ್ ಹ್ಯಾಟ್ ಗುಂಪಿನಲ್ಲಿ ವಾರಕ್ಕೊಂದರಂತೆ ನಾಲ್ಕು. ಆದರೆ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 70ಬಿ ಕಲಮಿನಡಿ ಹೊರಡಿಸಿದ ನಿರ್ದೇಶನವು, ಕಂಪನಿ ಮತ್ತು ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇಡಬೇಕೆಂದು ವಿಧಿಸುತ್ತದೆ. ಸಣ್ಣ ಉದ್ದಿಮೆಗಳಿಗೆ 2022ರ ಸೆಪ್ಟೆಂಬರ್ 25ರವರೆಗೆ ನೀಡಿದ್ದ ಕಾಲಾವಕಾಶವೂ ಎಂದೋ ಮುಗಿದಿದೆ. ಅಂದರೆ ಸರ್ವರನ್ನು ಸ್ಥಾಪಿಸಿ ಸುಮ್ಮನಿದ್ದವರು ಅರಿವಿಲ್ಲದೆಯೇ ನಿಯಮ ಮೀರುತ್ತಾರೆ.

ಪರಿಹಾರಕ್ಕೆ ಹೆಚ್ಚಿನ ಖರ್ಚಿಲ್ಲ. ದಿನಂಪ್ರತಿ ಪದ್ಧತಿಯಲ್ಲಿ 14ರ ಬದಲು 180, ವಾರದ ಪದ್ಧತಿಯಲ್ಲಿ 4ರ ಬದಲು 26 ಎಂದು ಅಪಾಚೆಯ ಲಾಗ್‌ರೊಟೇಟ್ ಕಡತದಲ್ಲಿ ನಮೂದಿಸಬೇಕು. ರೆಡ್ ಹ್ಯಾಟ್ ಗುಂಪಿನಲ್ಲಿ ಹಳೆಯ ಕಡತಗಳನ್ನು ಕುಗ್ಗಿಸಿಡುವ ಸೂಚನೆಯನ್ನೂ ಸೇರಿಸಿದರೆ ಡಿಸ್ಕ್ ತುಂಬುವ ಭಯ ಕಡಿಮೆ. ಸರ್ವರನ್ನು ಹೊರಗಿನವರು ನಿರ್ವಹಿಸುತ್ತಿದ್ದಲ್ಲಿ ಈ ಅವಧಿಯನ್ನು ವಾರ್ಷಿಕ ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಲೇಸು.