ದಿನಬಾಡಿಗೆಯ ಮನೆ: ಮೀಟರು ಯಾವ ವರ್ಗದ್ದು?

ಹಂಪಿಗೆ ಬರುವವರನ್ನು ನಂಬಿ ಹೊಸಪೇಟೆ, ಟಿ.ಬಿ. ಡ್ಯಾಂ, ಕಮಲಾಪುರಗಳಲ್ಲಿ ಮನೆಯ ಒಂದೆರಡು ಕೋಣೆಗಳನ್ನು ದಿನಬಾಡಿಗೆಗೆ ಕೊಡುವವರು ಕರೆಂಟ್ ಬಿಲ್ಲಿನ ಬಗ್ಗೆ ಗೊಣಗುವುದರಲ್ಲಿ ಹುರುಳಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶದಂತೆ 2025-26ರಲ್ಲಿ ಗೃಹಬಳಕೆಯ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ನೌಕರರ ಪಿಂಚಣಿ, ಗ್ರಾಚ್ಯುಟಿಯ ಹೆಸರಿನಲ್ಲಿ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಕೂಡಿಕೊಂಡಿತು. ಆದರೂ ತಿಂಗಳಿಗೆ 300 ಯೂನಿಟ್ ಉರಿಸುವ ಮನೆಗೆ ಆ 36 ಪೈಸೆಯ ಹೊರೆ 108 ರೂಪಾಯಿ ಮಾತ್ರ. ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಮನೆಬಳಕೆಗೆಂದು ಪಡೆದ ಮೀಟರಿನಲ್ಲಿ ವ್ಯವಹಾರ ನಡೆಸಿ ಸಿಕ್ಕಿಬಿದ್ದಾಗ. ಆದ್ದರಿಂದ ಖರ್ಚು ಹಿಡಿತಕ್ಕೆ ಬರಬೇಕಾದರೆ ಮೊದಲು ಕಾಗದಪತ್ರ ಸರಿಯಾಗಬೇಕು.

2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮು ಈ ಪೆಟ್ಟು ಎಂಥದ್ದೆಂದು ಬಿಡಿಸಿ ಹೇಳುತ್ತದೆ. ಯಾವ ಉದ್ದೇಶಕ್ಕೆ ಸಂಪರ್ಕ ಮಂಜೂರಾಗಿದೆಯೋ ಅದನ್ನು ಬಿಟ್ಟು ಬೇರೆಯದಕ್ಕೆ ಬಳಸಿದರೆ ಅದು ಅನಧಿಕೃತ ಬಳಕೆ. ಆಯಾ ವರ್ಗದ ದರದ ಎರಡು ಪಟ್ಟು ವಸೂಲಿ. ಎಂದಿನಿಂದ ಹಾಗೆ ಬಳಸಲಾಗಿದೆ ಎಂದು ಗೊತ್ತಾಗದಿದ್ದರೆ ತಪಾಸಣೆಯ ದಿನದಿಂದ ಹಿಂದಿನ 12 ತಿಂಗಳ ಲೆಕ್ಕ ಹಿಡಿಯುತ್ತಾರೆ. ಮಂಜೂರಾದ ಲೋಡ್ ಮೀರಿ ಎಳೆಯುವುದೂ ಇದೇ ಕಲಮಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಸೀತಾರಾಮ್ ರೈಸ್ ಮಿಲ್ ಪ್ರಕರಣದಲ್ಲಿ ಹೇಳಿದೆ. ಕೋಣೆಗೊಂದು ಎ.ಸಿ., ಸ್ನಾನಕ್ಕೊಂದು ಗೀಸರ್ ಕೂಡಿಸಿಯೂ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳದ ಮಾಲೀಕರು ಇದನ್ನು ಗಮನಿಸಬೇಕು. 200 ಯೂನಿಟ್‌ವರೆಗಿನ ಗೃಹಜ್ಯೋತಿ ಸೌಲಭ್ಯವೂ ಮನೆಬಳಕೆಗೆ ಮೀಸಲು. ಅದೇ ಮೀಟರಿನಲ್ಲಿ ಬಾಡಿಗೆ ಕೋಣೆ ನಡೆಸುವುದು ಅಪಾಯ.

ಇಲ್ಲೊಂದು ಆಕ್ಷೇಪ ಬರುತ್ತದೆ: ಹೋಂಸ್ಟೇ ಎಂದರೆ ಮನೆಯೇ ತಾನೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದ್ದ ಮೇಲೆ ವಾಣಿಜ್ಯ ದರ ಏಕೆ? ವಾದಕ್ಕೆ ತೂಕವಿದೆ. ಕುಟುಂಬ ವಾಸವಿದ್ದೇ ಎರಡು ಕೋಣೆ ಕೊಡುವ ಮನೆಯನ್ನು ಲಾಡ್ಜ್‌ನಂತೆ ಕಾಣುವುದು ನ್ಯಾಯವಲ್ಲ. ಆದರೆ ದರ ನಿಗದಿ ಮಾಡುವ ಅಧಿಕಾರ ಇರುವುದು ಆಯೋಗಕ್ಕೆ, ಇಲಾಖೆಗಲ್ಲ. ಸರ್ಕಾರ ಯಾವುದಾದರೂ ವರ್ಗಕ್ಕೆ ರಿಯಾಯಿತಿ ಕೊಡಬಯಸಿದರೆ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು ಎನ್ನುತ್ತದೆ ಅದೇ ಕಾಯ್ದೆಯ 65ನೇ ಕಲಮು. ಹಾಗಾಗಿ ನೋಂದಣಿ ಪತ್ರದ ಪ್ರತಿ ಸೇರಿಸಿ, ಆರ್.ಆರ್. ನಂಬರ್ ನಮೂದಿಸಿ, ತಮ್ಮ ಮೀಟರು ಯಾವ ವರ್ಗಕ್ಕೆ ಸೇರುತ್ತದೆ ಎಂದು ಈ ಭಾಗಕ್ಕೆ ಕರೆಂಟ್ ಪೂರೈಸುವ ಜೆಸ್ಕಾಂನ ಶಾಖಾ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದೇ ಜಾಣತನ. ವಾಣಿಜ್ಯ ದರವೇ ಎಂದು ಉತ್ತರ ಬಂದರೆ ಬಾಡಿಗೆ ಕೋಣೆಗಳಿಗೆ ಪ್ರತ್ಯೇಕ ಮೀಟರು ಕೇಳಬಹುದು. ಆಗ ಮನೆಯ ಭಾಗದ ಗೃಹಬಳಕೆ ದರ ಉಳಿಯುತ್ತದೆ.

ಕಾನೂನು ಜೆಸ್ಕಾಂನ ಕೈಯನ್ನೂ ಕಟ್ಟಿದೆ. 126ರಡಿ ಮೊದಲು ಬರುವುದು ತಾತ್ಕಾಲಿಕ ಆದೇಶ. ಅದಕ್ಕೆ ಆಕ್ಷೇಪಣೆ ಸಲ್ಲಿಸಿ, ವಿಚಾರಣೆಯಲ್ಲಿ ತಮ್ಮ ವಾದ ಹೇಳುವ ಹಕ್ಕು ಗ್ರಾಹಕರಿಗಿದೆ. ಅಂತಿಮ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ, ಅರ್ಧ ಮೊತ್ತ ಕಟ್ಟಿ, 127ನೇ ಕಲಮಿನಡಿ ಮೇಲ್ಮನವಿ ಹಾಕಬೇಕು. ಇಂಥ ಆದೇಶದ ವಿರುದ್ಧ ಗ್ರಾಹಕ ನ್ಯಾಯಾಲಯಕ್ಕೆ ಹೋದರೆ ದೂರು ನಿಲ್ಲುವುದಿಲ್ಲ ಎಂದು ಅನೀಸ್ ಅಹ್ಮದ್ ಪ್ರಕರಣದಲ್ಲಿ 2013ರಲ್ಲೇ ತೀರ್ಮಾನವಾಗಿದೆ. ತಪ್ಪು ಬಾಗಿಲು ತಟ್ಟಿ ಗಡುವು ಕಳೆದುಕೊಳ್ಳಬಾರದು. ಮೀಟರ್ ದೋಷ, ತಪ್ಪು ರೀಡಿಂಗ್‌ನಂಥ ಸಾಮಾನ್ಯ ತಕರಾರಿಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕಡ್ಡಾಯ. ಮೊತ್ತದ ಬಗ್ಗೆ ತಕರಾರಿದ್ದರೆ ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅದನ್ನು ಪ್ರತಿಭಟನೆ ದಾಖಲಿಸಿ ಕಟ್ಟಿದರೆ ಕರೆಂಟ್ ಕಡಿಯುವಂತಿಲ್ಲ.

ಏರಿದ ಖರ್ಚನ್ನು ಅತಿಥಿಯ ಮೇಲೆ ಹಾಕಬಾರದೇ ಎಂಬುದು ಇನ್ನೊಂದು ಪ್ರಶ್ನೆ. ಬಾಡಿಗೆ ಹೆಚ್ಚಿಸಲು ಅಡ್ಡಿಯಿಲ್ಲ; ಎ.ಸಿ. ಕೋಣೆಗೆ ಬೇರೆ ದರವನ್ನೂ ಇಡಬಹುದು. ಆದರೆ ಅದು ಬುಕಿಂಗ್ ಸಮಯದಲ್ಲೇ ಕಾಣಬೇಕು. ಹೊರಡುವಾಗ ದಿಢೀರನೆ ಕರೆಂಟ್ ಚಾರ್ಜ್ ಕೇಳುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರಿಗೆ ದಾರಿ. ಬೆಲೆಯನ್ನು ಹಂತಹಂತವಾಗಿ ಬಿಚ್ಚಿಡುವುದನ್ನು 2023ರ ಕೇಂದ್ರ ಮಾರ್ಗಸೂಚಿಗಳು ನಿಷೇಧಿಸಿವೆ. ಅತಿಥಿ ತಾನು ವಾಸಿಸುವ ಊರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದಾದ್ದರಿಂದ, ಅತಿಥಿ ಮುಂಬಯಿಯವರಾದರೆ ಹೊಸಪೇಟೆಯ ಮಾಲೀಕರು ಉತ್ತರಿಸಲು ಮುಂಬಯಿಗೆ ಓಡಬೇಕಾದೀತು.

ಸೀಸನ್ ಮುಗಿದು ಕೋಣೆ ಖಾಲಿ ಬಿದ್ದಾಗಲೂ ನಿಗದಿತ ಶುಲ್ಕ ನಿಲ್ಲುವುದಿಲ್ಲ. ಐದು ಕಿಲೋವ್ಯಾಟ್ ಮಂಜೂರಾಗಿದ್ದು ಮೂರು ಸಾಕೆನಿಸಿದರೆ, ಲೋಡ್ ಇಳಿಸಿಕೊಂಡು 145ರ ದರದಲ್ಲಿ ತಿಂಗಳಿಗೆ 290 ರೂಪಾಯಿ ಉಳಿತಾಯ. ಕಾನೂನಿನೊಳಗೇ ಸಿಗುವ ಈ ಲಾಭ ಆ 108 ರೂಪಾಯಿ ಸರ್‌ಚಾರ್ಜಿನ ಹೊರೆಗಿಂತ ದೊಡ್ಡದು. ಕೋಣೆ ಬಾಡಿಗೆಗೆ ಕೊಡುವುದನ್ನು ಯಾರೂ ಕೇಳದಿರುವಾಗ ತಾವಾಗಿ ಏಕೆ ಹೇಳಬೇಕು ಎನ್ನುವವರಿಗೆ ಒಂದೇ ಉತ್ತರ: ಬುಕಿಂಗ್ ಆ್ಯಪ್‌ನಲ್ಲಿ ಕೋಣೆಯ ಫೋಟೊ, ದರ ಎಲ್ಲವನ್ನೂ ಪ್ರಕಟಿಸಿದವರು ವ್ಯವಹಾರವೇ ಇಲ್ಲವೆಂದು ವಾದಿಸಲಾರರು. ಮುಂದಿನ ಬಿಲ್ ಬಂದಾಗ ಮೊತ್ತ ನೋಡುವ ಮೊದಲು ದರದ ವರ್ಗ, ಮಂಜೂರಾದ ಲೋಡ್ ಎರಡನ್ನೂ ಓದಿ, ಹೊಂದದಿದ್ದರೆ ಅಂದೇ ಅರ್ಜಿ ಬರೆಯಿರಿ.